ವಿಡಿಯೋ ಪ್ಲೇ ಆಗದಿದ್ದರೆ ಮೊದಲು ಫೈಲನ್ನೇ ಕೇಳಿ

ಶ್ರವಣಬೆಳಗೊಳದಲ್ಲಿ ಸುಮಾರು ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ ನಡೆಯುತ್ತದೆ. ಹಿಂದಿನ ಮೂರು ನಡೆದದ್ದು 1993, 2006 ಮತ್ತು 2018ರಲ್ಲಿ. ಮೊದಲನೆಯದರ ಹೊತ್ತಿಗೆ ಮನೆಗಳಲ್ಲಿದ್ದದ್ದು ವಿಎಚ್‌ಎಸ್ ಕ್ಯಾಸೆಟ್ಟು, ಎರಡನೆಯದು ಡಿವಿಡಿಗಳ ಕಾಲ, ಮೂರನೆಯದನ್ನು ಜನ ಮೊಬೈಲಿನಲ್ಲೇ ಹಿಡಿದರು. ಹಾಸನ ಜಿಲ್ಲೆಯ ಒಂದು ಮನೆಯ ಹಾರ್ಡ್ ಡಿಸ್ಕಿನಲ್ಲಿ ಈ ಮೂರೂ ಕಾಲದ ವಿಡಿಯೋಗಳು ಕೂತಿದ್ದರೆ, ಲಿನಕ್ಸ್ ಕಂಪ್ಯೂಟರಿನಲ್ಲಿ ಒಂದೊಂದೂ ಒಂದೊಂದು ರೀತಿ ಕೈಕೊಡಬಹುದು. ಒಂದರಲ್ಲಿ ಕೈ ಆಡಿಸಿದ ಕಡೆಯೆಲ್ಲ ಬಾಚಣಿಗೆಯಂಥ ಗೆರೆ, ಇನ್ನೊಂದರಲ್ಲಿ ಬರೀ ಧ್ವನಿ, ಮತ್ತೊಂದು ತಡವರಿಸುತ್ತ ಓಡುತ್ತದೆ. ಮೂರಕ್ಕೂ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: «ಕೋಡೆಕ್ ಇಲ್ಲ, ಹಾಕಿಕೊಳ್ಳಿ». ಕೋಡೆಕ್ ಎಂದರೆ ವಿಡಿಯೋವನ್ನು ಕುಗ್ಗಿಸುವ, ಮತ್ತೆ ಬಿಡಿಸುವ ವಿಧಾನ. ಆ ಉತ್ತರ ಮೂರರಲ್ಲಿ ಒಂದಕ್ಕೆ ಮಾತ್ರ ಸರಿ. ಏನನ್ನಾದರೂ ಇನ್‌ಸ್ಟಾಲ್ ಮಾಡುವ ಮುಂಚೆ ಫೈಲ್ ಒಳಗೆ ಏನಿದೆ ಎಂದು ನೋಡುವುದೇ ಇಡೀ ರಿಪೇರಿಯ ಅರ್ಧ ಕೆಲಸ.

ಎಂಪಿ4, ಎಂಕೆವಿ, ಎವಿಐ ಎಂಬುವು ವಿಡಿಯೋದ ಜಾತಿಯಲ್ಲ, ಅವು ಚೀಲಗಳು. ಕಾಫಿ ಚೀಲದ ಮೇಲಿನ ಗುರುತು ನೋಡಿ ಒಳಗಿರುವುದು ಅರೇಬಿಕಾವೋ ರೋಬಸ್ಟಾವೋ ಎಂದು ಆಣೆ ಮಾಡಲಾಗುವುದಿಲ್ಲ, ಬಿಚ್ಚಿಯೇ ನೋಡಬೇಕು. ಒಂದೇ ಎಂಪಿ4 ಚೀಲದಲ್ಲಿ 2003ರ ಎಚ್.264 ಎಂಬ ಕೋಡೆಕ್ ಇರಬಹುದು, 2013ರ ಎಚ್.265 ಇರಬಹುದು, 2018ರ ಎವಿ1 ಕೂಡ ಇರಬಹುದು. ಜೊತೆಗೆ ಧ್ವನಿ ಬೇರೆ ಎಳೆ, ಸಬ್‌ಟೈಟಲ್ ಇದ್ದರೆ ಅದೂ ಬೇರೆ ಎಳೆ. ಚಿತ್ರವಿದ್ದು ಧ್ವನಿಯಿಲ್ಲ ಅಥವಾ ಧ್ವನಿಯಿದ್ದು ಚಿತ್ರವಿಲ್ಲ ಎಂದಾದರೆ ಚೀಲ ಸರಿಯಾಗಿ ಬಿಚ್ಚಿಕೊಂಡಿದೆ, ಒಳಗಿನ ಒಂದು ಎಳೆಯನ್ನು ಬಿಡಿಸುವ ಡಿಕೋಡರ್ ಮಾತ್ರ ಸಿಕ್ಕಿಲ್ಲದಿರಬಹುದು.

ಬಿಚ್ಚಿ ನೋಡುವ ಉಪಕರಣದ ಹೆಸರು ಎಫ್‌ಎಫ್‌ಪ್ರೋಬ್, ಇದು ಎಫ್‌ಎಫ್‌ಎಂಪೆಗ್ ಪ್ಯಾಕೇಜಿನ ಜೊತೆಗೇ ಬರುತ್ತದೆ. ಆದೇಶಗಳನ್ನು ಬರೆಯುವ ಟರ್ಮಿನಲ್‌ನಲ್ಲಿ ಅದರ ಹೆಸರು (ffprobe) ಟೈಪ್ ಮಾಡಿ, ಒಂದು ಜಾಗ ಬಿಟ್ಟು, ವಿಡಿಯೋ ಫೈಲನ್ನು ಟರ್ಮಿನಲ್ ಕಿಟಕಿಯೊಳಕ್ಕೆ ಎಳೆದು ಬಿಟ್ಟರೆ ವಿಳಾಸ ತಾನಾಗಿಯೇ ಬೀಳುತ್ತದೆ. ಎಂಟರ್ ಒತ್ತಿದ ಮೇಲೆ ಬರುವ ರಾಶಿಯಲ್ಲಿ ‘ಸ್ಟ್ರೀಮ್’ ಎಂದು ಶುರುವಾಗುವ ಸಾಲುಗಳಷ್ಟನ್ನೇ ಓದಿ. ಕೋಡೆಕ್‌ನ ಹೆಸರು, ಅಗಲ ಎತ್ತರ, ಸೆಕೆಂಡಿಗೆ ಎಷ್ಟು ಫ್ರೇಮು, ಬಣ್ಣದ ನಮೂನೆ ಎಲ್ಲ ಅಲ್ಲೇ ಇದೆ. ಬಣ್ಣದ ನಮೂನೆಯನ್ನು ಬಹಳ ಜನ ಗಮನಿಸುವುದಿಲ್ಲ. ಅದು ‘ವೈಯುವಿ420ಪಿ’ ಎಂದಿದ್ದರೆ ಮಾಮೂಲಿ 8 ಬಿಟ್ ವಿಡಿಯೋ. ಅದರ ಹಿಂದೆ ‘10’ ಅಂಟಿಕೊಂಡಿದ್ದರೆ 10 ಬಿಟ್. ‘420’ರ ಬದಲು, ಬಣ್ಣದ ವಿವರ ಹೆಚ್ಚಿರುವ ‘422’ ಎಂದಿದ್ದರೆ ಅದು ಮದುವೆ ಫೋಟೋಗ್ರಾಫರುಗಳ ಕ್ಯಾಮೆರಾದಿಂದ ನೇರವಾಗಿ ಬಂದ ಫೈಲ್ ಇರಬಹುದು. 10 ಬಿಟ್ 4:2:2 ಎಚ್.264 ಅನ್ನು ಬಹುತೇಕ ಗ್ರಾಫಿಕ್ಸ್ ಚಿಪ್‌ಗಳು ಮುಟ್ಟುವುದೇ ಇಲ್ಲ, ಇಡೀ ಹೊರೆ ಪ್ರೊಸೆಸರಿನ ಹೆಗಲಿಗೆ. ವಿಎಲ್‌ಸಿ ಬಳಸುವವರು ಕಂಟ್ರೋಲ್ ಮತ್ತು ಜೆ ಒತ್ತಿದರೆ ಇದೇ ಮಾಹಿತಿ ಕಿಟಕಿಯಲ್ಲಿ ಸಿಗುತ್ತದೆ.

ಇಷ್ಟು ತಲೆಬಿಸಿ ಏಕೆ ಬೇಕು? ಲೆಕ್ಕ ಹಾಕಿ ನೋಡಿ. 1920 x 1080ರ ಒಂದು ಫ್ರೇಮಿನಲ್ಲಿ 20,73,600 ಚುಕ್ಕೆಗಳಿವೆ. ನಾಲ್ಕು ಚುಕ್ಕೆಗಳಿಗೆ ಒಂದೇ ಬಣ್ಣದ ಮಾಹಿತಿ ಇಡುವ 8 ಬಿಟ್ 4:2:0 ಪದ್ಧತಿಯಲ್ಲಿ ಒಂದು ಚುಕ್ಕೆಗೆ ಸರಾಸರಿ ಒಂದೂವರೆ ಬೈಟು. ಸೆಕೆಂಡಿಗೆ 30 ಫ್ರೇಮಾದರೆ 9 ಕೋಟಿ 33 ಲಕ್ಷ ಬೈಟು, ಅಂದರೆ ಒಂದು ಡಿವಿಡಿ ಒಂದು ನಿಮಿಷದೊಳಗೆ ತುಂಬಿಹೋಗುತ್ತದೆ. ಕೋಡೆಕ್ ಇದನ್ನು ಹತ್ತಾರು ಪಟ್ಟು ಕುಗ್ಗಿಸುತ್ತದೆ. ಎಲ್ಲ ಫ್ರೇಮುಗಳನ್ನೂ ಪೂರ್ತಿ ಬರೆದಿಡದೆ, ಆಗೊಂದು ಈಗೊಂದು ಪೂರ್ತಿ ಚಿತ್ರ ಇಟ್ಟು, ನಡುವಿನವುಗಳಿಗೆ «ಈ ತುಂಡು ಇಷ್ಟು ಚುಕ್ಕೆ ಬಲಕ್ಕೆ ಸರಿದಿದೆ, ಉಳಿದ ವ್ಯತ್ಯಾಸ ಇಷ್ಟು» ಎಂಬ ಟಿಪ್ಪಣಿ ಮಾತ್ರ ಇಡುತ್ತದೆ. ವಿಡಿಯೋ ನಡುವಿಗೆ ಹಾರಿದಾಗ ಕ್ಷಣಕಾಲ ಬೂದುಬಣ್ಣ, ಕಲಸಿದಂಥ ಮುಖಗಳು ಕಂಡರೆ ಅದು ಇದರಿಂದಲೇ: ಟಿಪ್ಪಣಿ ಸಿಕ್ಕಿದೆ, ಅದು ಯಾವ ಚಿತ್ರದ ಮೇಲಿನ ಟಿಪ್ಪಣಿಯೋ ಆ ಚಿತ್ರ ಸಿಕ್ಕಿಲ್ಲ. ಮುಂದಿನ ಪೂರ್ತಿ ಫ್ರೇಮು ಬಂದ ಕೂಡಲೇ ಸರಿಹೋಗುತ್ತದೆ, ಅದಕ್ಕೆ ಔಷಧಿ ಬೇಡ.

ಹಸಿರು ಮಾತ್ರ ಬೇರೆ ಕಥೆ. ಕೆಟ್ಟ ವಿಡಿಯೋ ಕಪ್ಪಾಗದೆ ಹಸಿರಾಗುವುದಕ್ಕೆ ಚಂದದ ಕಾರಣವಿದೆ. ವಿಡಿಯೋದಲ್ಲಿ ಬಣ್ಣವನ್ನು ಕೆಂಪು, ಹಸಿರು, ನೀಲಿಯಾಗಿ ಇಡುವುದಿಲ್ಲ, ಒಂದು ಬೆಳಕಿನ ಅಂಕಿ ಮತ್ತು ಎರಡು ಬಣ್ಣದ ಅಂಕಿಗಳಾಗಿ ಇಡುತ್ತಾರೆ. ಬಣ್ಣದ ಅಂಕಿ 128 ಇದ್ದರೆ ‘ಬಣ್ಣವಿಲ್ಲ’ ಎಂದರ್ಥ. ಡಿಕೋಡರ್ ಏನೂ ಬರೆಯದೆ ಬಿಟ್ಟ ಮೆಮೊರಿಯಲ್ಲಿ ಮೂರೂ ಅಂಕಿ ಸೊನ್ನೆ. ಬೆಳಕಿಗೆ ಸೊನ್ನೆ ಎಂದರೆ ಕಪ್ಪು ಸರಿ, ಆದರೆ ಬಣ್ಣಗಳಿಗೆ ಸೊನ್ನೆ ಎಂದರೆ ಕೆಂಪೂ ನೀಲಿಯೂ ಪಾತಾಳಕ್ಕಿಳಿದು ಹಸಿರೊಂದೇ ಉಳಿಯುತ್ತದೆ. ಆದ್ದರಿಂದ ಪೂರ್ತಿ ಹಸಿರು ಪರದೆ ಕಂಡರೆ ಫೈಲನ್ನು ಬೈಯುವ ಮೊದಲು ಹಾರ್ಡ್‌ವೇರ್ ಡಿಕೋಡಿಂಗ್ (ಪ್ರೊಸೆಸರಿನ ಬದಲು ಗ್ರಾಫಿಕ್ಸ್ ಚಿಪ್ ವಿಡಿಯೋ ಬಿಡಿಸುವುದು) ಆಫ್ ಮಾಡಿ ನೋಡಿ. ವಿಎಲ್‌ಸಿಯಲ್ಲಿ ಪ್ರಿಫರೆನ್ಸಸ್‌ನ ಇನ್‌ಪುಟ್/ಕೋಡೆಕ್ಸ್ ವಿಭಾಗದಲ್ಲಿ ಅದರ ಆಯ್ಕೆಯಿದೆ. ಹಸಿರು ಮಾಯವಾದರೆ ತಪ್ಪು ಡ್ರೈವರಿನದು. ಪರದೆಯ ತಳದಲ್ಲಿ ಮಾತ್ರ ತೆಳ್ಳಗೆ ಹಸಿರು ಪಟ್ಟಿ ಕಂಡರೂ ಅಷ್ಟೇ. ಎಚ್.264 ಚಿತ್ರವನ್ನು 16 x 16ರ ಚೌಕಗಳಾಗಿ ಕತ್ತರಿಸುತ್ತದೆ, 1080 ಹದಿನಾರರಿಂದ ಭಾಗವಾಗುವುದಿಲ್ಲ. ಹಾಗಾಗಿ ಫೈಲಿನೊಳಗೆ ನಿಜವಾಗಿ 1088 ಸಾಲುಗಳಿರುತ್ತವೆ. ಕೊನೆಯ 8 ಸಾಲು ಕತ್ತರಿಸಿ ತೋರಿಸು ಎಂಬ ಸೂಚನೆಯನ್ನು ಡ್ರೈವರ್ ಮರೆತರೆ ಅವು ಹಸಿರಾಗಿ ಇಣುಕುತ್ತವೆ.

ನಿಜಕ್ಕೂ ಡಿಕೋಡರ್ ಇಲ್ಲದಿದ್ದರೆ ಕೆಲಸ ಸುಲಭ. ಲಿನಕ್ಸ್ ಮಿಂಟ್‌ನಲ್ಲಿ ಮೆನುವಿನಲ್ಲೇ ಮಲ್ಟಿಮೀಡಿಯಾ ಕೋಡೆಕ್ ಹಾಕುವ ಆಯ್ಕೆಯಿದೆ. ಉಬುಂಟುವಿನಲ್ಲಿ ‘ಉಬುಂಟು ರಿಸ್ಟ್ರಿಕ್ಟೆಡ್ ಎಕ್ಸ್‌ಟ್ರಾಸ್’ ಎಂಬ ಪ್ಯಾಕೇಜು, ಅದರ ಇಂಗ್ಲಿಷ್ ಹೆಸರಿನ ಪದಗಳ ನಡುವೆ ಹೈಫನ್ ಹಾಕಬೇಕು. ಇದು ನಡುವೆ ಮೈಕ್ರೋಸಾಫ್ಟ್ ಫಾಂಟುಗಳ ಒಪ್ಪಂದ ತೋರಿಸಿ ನಿಂತುಬಿಡುತ್ತದೆ. ಮೌಸ್ ಅಲ್ಲಿ ನಡೆಯದು, ಟ್ಯಾಬ್ ಕೀಲಿಯಿಂದ ಓಕೆ ಮೇಲೆ ಬಂದು ಎಂಟರ್ ಒತ್ತಬೇಕು. ಎಷ್ಟೋ ಜನ ಇಲ್ಲಿ ಹೆದರಿ ಕಿಟಕಿ ಮುಚ್ಚಿ, ಪ್ಯಾಕೇಜ್ ವ್ಯವಸ್ಥೆಯನ್ನೇ ಅರ್ಧಕ್ಕೆ ನಿಲ್ಲಿಸಿಕೊಳ್ಳುತ್ತಾರೆ. ಫೆಡೋರಾ ಪೇಟೆಂಟ್ ಕಾರಣದಿಂದ ಕತ್ತರಿ ಹಾಕಿದ ‘ಎಫ್‌ಎಫ್‌ಎಂಪೆಗ್ ಫ್ರೀ’ ಕೊಡುತ್ತದೆ. ಆರ್‌ಪಿಎಂ ಫ್ಯೂಷನ್ ಭಂಡಾರ ಸೇರಿಸಿ, ಅದನ್ನು ಪೂರ್ಣ ಎಫ್‌ಎಫ್‌ಎಂಪೆಗ್‌ಗೆ ಬದಲಾಯಿಸಿಕೊಳ್ಳಬೇಕು. ಎಎಂಡಿ ಗ್ರಾಫಿಕ್ಸ್ ಇದ್ದವರು ಮೆಸಾ ಎಂಬ ಗ್ರಾಫಿಕ್ಸ್ ಡ್ರೈವರ್ ಸಂಗ್ರಹದ ವಿಎ (ವಿಡಿಯೋ ಬಿಡಿಸುವ) ಡ್ರೈವರನ್ನೂ ಅಲ್ಲಿಂದಲೇ ತರಬೇಕು, ಏಕೆಂದರೆ 2022ರಲ್ಲಿ ಫೆಡೋರಾ ತನ್ನ ಮೆಸಾದಲ್ಲಿ ಎಚ್.264, ಎಚ್.265ರ ಹಾರ್ಡ್‌ವೇರ್ ಡಿಕೋಡಿಂಗ್ ತೆಗೆದುಹಾಕಿತು. ಇನ್ನೊಂದು ಗೊಂದಲ: ಗ್ನೋಮ್‌ನ ವಿಡಿಯೋ ಪ್ಲೇಯರ್ ಜಿಸ್ಟ್ರೀಮರ್ ಪ್ಲಗಿನ್‌ಗಳನ್ನು ನಂಬಿದೆ, ಎಂಪಿವಿಯಂಥ ಪ್ಲೇಯರುಗಳು ಎಫ್‌ಎಫ್‌ಎಂಪೆಗ್ ಅನ್ನು ನಂಬಿವೆ. ಒಂದರಲ್ಲಿ ಓಡಿದ್ದು ಇನ್ನೊಂದರಲ್ಲಿ ಓಡದಿದ್ದರೆ ಆಶ್ಚರ್ಯವಿಲ್ಲ.

ಓಡುತ್ತದೆ, ಆದರೆ ತಡವರಿಸುತ್ತದೆ ಎನ್ನುವವರ ಸಂಖ್ಯೆಯೇ ಹೆಚ್ಚು. ಅವರು ಮತ್ತೆ ಮತ್ತೆ ಕೋಡೆಕ್ ಹಾಕಿಕೊಂಡು ಪ್ರಯೋಜನವಿಲ್ಲ. ಡಿಕೋಡರ್ ಇದೆ, ಅದು ಪ್ರೊಸೆಸರಿನಲ್ಲಿ ಏದುಸಿರು ಬಿಡುತ್ತಿದೆ. ಇಂಟೆಲ್ ಚಿಪ್‌ಗಳ ಲೆಕ್ಕ ಹೀಗಿದೆ: ಎಚ್.264ಕ್ಕೆ 2011ರ ಎರಡನೇ ತಲೆಮಾರೇ ಸಾಕು, 8 ಬಿಟ್ ಎಚ್.265ಕ್ಕೆ 2015ರ ಆರನೇ ತಲೆಮಾರು ಬೇಕು, 10 ಬಿಟ್ ಎಚ್.265 ಮತ್ತು ವಿಪಿ9ಕ್ಕೆ ಏಳನೆಯದು, ಎವಿ1ಕ್ಕೆ 2020ರ ಹನ್ನೊಂದನೇ ತಲೆಮಾರಿನ ಟೈಗರ್ ಲೇಕ್. ಸೆಕೆಂಡ್‌ಹ್ಯಾಂಡ್ ಆಫೀಸ್ ಕಂಪ್ಯೂಟರುಗಳಲ್ಲಿ ಧಾರಾಳವಾಗಿ ಸಿಗುವ ನಾಲ್ಕನೇ ತಲೆಮಾರಿನಲ್ಲಿ, ಹೊಸ ಫೋನಿನ 4ಕೆ ಎಚ್.265 ಫೈಲ್ ಮುಗ್ಗರಿಸುವುದು ಅದರ ಹಣೆಬರಹ.

ಚಿಪ್‌ಗೆ ಶಕ್ತಿಯಿದ್ದೂ ಲಿನಕ್ಸ್ ಅದನ್ನು ಬಳಸದೇ ಇರಬಹುದು. ವಿಎಇನ್ಫೊ ಎಂಬ ಆದೇಶ ಕೊಟ್ಟರೆ ಪಟ್ಟಿ ಬರುತ್ತದೆ. ಪ್ರೊಫೈಲಿನ ಎದುರು ‘ವಿಎಲ್‌ಡಿ’ ಎಂದಿದ್ದರೆ ಡಿಕೋಡಿಂಗ್ ಸಾಧ್ಯ, ‘ಎನ್‌ಸ್ಲೈಸ್’ ಎಂದಿರುವುದು ಎನ್‌ಕೋಡಿಂಗಿಗೆ. ಪಟ್ಟಿಯ ಬದಲು ದೋಷದ ಸಾಲು ಬಂದರೆ ಡ್ರೈವರ್ ತಪ್ಪಿದೆ. ಐದನೇ ತಲೆಮಾರಿನಿಂದ ಈಚೆಗೆ ‘ಇಂಟೆಲ್ ಮೀಡಿಯಾ ವಿಎ ಡ್ರೈವರ್’, ಅದಕ್ಕಿಂತ ಹಳೆಯವಕ್ಕೆ ‘ಐ965 ವಿಎ ಡ್ರೈವರ್’. ಚಿಪ್ಪೂ ಡ್ರೈವರೂ ಸರಿಯಿದ್ದರೂ ಎಂಪಿವಿ ತಾನಾಗಿ ಹಾರ್ಡ್‌ವೇರ್ ಬಳಸುವುದಿಲ್ಲ. ಓಡುತ್ತಿರುವಾಗ ಕಂಟ್ರೋಲ್ ಮತ್ತು ಎಚ್ ಒತ್ತಿ ಅದನ್ನು ಹಚ್ಚಿ. ಬಳಿಕ ಐ ಒತ್ತಿದರೆ ಬಿಟ್ಟುಹೋದ ಫ್ರೇಮುಗಳ ಲೆಕ್ಕ ಪರದೆಯ ಮೇಲೇ ಬರುತ್ತದೆ. ಆ ಅಂಕಿ ಏರುವುದು ನಿಂತರೆ ಕೆಲಸವಾಯಿತು.

ಮೂಡಿಗೆರೆ, ಕೊಪ್ಪದ ಕಡೆ ಯೂಟ್ಯೂಬ್ ನಿಂತು ನಿಂತು ಓಡಿದರೆ ಎಲ್ಲರೂ ನೆಟ್‌ವರ್ಕ್ ಬೈಯುತ್ತಾರೆ. ಬಹಳ ಸಲ ಬೈಗುಳ ನ್ಯಾಯವಾದದ್ದೇ, ಆದರೆ ಪರೀಕ್ಷಿಸುವುದಕ್ಕೆ ಅರ್ಧ ನಿಮಿಷ ಸಾಕು. ವಿಡಿಯೋದ ಮೇಲೆ ಬಲ ಕ್ಲಿಕ್ ಮಾಡಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ತೆರೆಯಿರಿ. ಬಫರ್, ಅಂದರೆ ಮುಂಚಿತವಾಗಿ ಇಳಿಸಿಟ್ಟ ವಿಡಿಯೋ, ಸೊನ್ನೆಗೆ ಬರುತ್ತಿದ್ದರೆ ದೋಷ ಟವರಿನದು. ಬಫರ್ ತುಂಬಿದ್ದು, ಬಿಟ್ಟ ಫ್ರೇಮುಗಳು ನೂರರ ಲೆಕ್ಕದಲ್ಲಿ ಏರುತ್ತಿದ್ದರೆ ದೋಷ ನಿಮ್ಮ ಮೇಜಿನ ಮೇಲಿದೆ. ಆಗ ಕೋಡೆಕ್ ಸಾಲು ನೋಡಿ: ‘ವಿಪಿ09’ ಅಥವಾ ‘ಎವಿ01’ ಎಂದಿದ್ದು ಯಂತ್ರ ಹಳೆಯದಾಗಿದ್ದರೆ, ಎಚ್.264 ಮಾತ್ರ ಕೇಳುವ ಬ್ರೌಸರ್ ಎಕ್ಸ್‌ಟೆನ್ಶನ್ ಹಾಕಿಕೊಳ್ಳಬಹುದು. ಅದರಲ್ಲಿ 1080ಕ್ಕಿಂತ ಮೇಲಿನ ಗುಣಮಟ್ಟ ಸಿಗುವುದಿಲ್ಲ, ಆ ಯಂತ್ರಕ್ಕೆ ಅದು ಬೇಕಾಗಿಯೂ ಇಲ್ಲ. ಫೈರ್‌ಫಾಕ್ಸ್ 2023ರ 115ನೇ ಆವೃತ್ತಿಯಿಂದ ಲಿನಕ್ಸ್‌ನ ಇಂಟೆಲ್ ಗ್ರಾಫಿಕ್ಸ್‌ನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ತಾನಾಗಿಯೇ ಬಳಸುತ್ತದೆ. ಅದಕ್ಕಿಂತ ಹಳೆಯದಿದ್ದರೆ ಮೊದಲು ಅಪ್‌ಡೇಟ್ ಮಾಡಿ.

ಬ್ಲೂಟೂತ್ ಸ್ಪೀಕರಿನಲ್ಲಿ ತುಟಿಗೂ ಮಾತಿಗೂ ತಾಳೆಯಾಗದಿದ್ದರೆ ವಿಎಲ್‌ಸಿಯಲ್ಲಿ ಜೆ ಮತ್ತು ಕೆ ಒತ್ತಿ, ಪ್ರತಿ ಒತ್ತಿಗೆ ಧ್ವನಿ 50 ಮಿಲಿಸೆಕೆಂಡು ಹಿಂದೆ ಮುಂದೆ ಸರಿಯುತ್ತದೆ.

ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಿದ್ದಾಗಲೇ ಬ್ಯಾಟರಿ ಸತ್ತ ಫೈಲು ದೊಡ್ಡ ಸಂಕಟ. ಗಾತ್ರ ನೋಡಿದರೆ ಎರಡು ಜಿಬಿ, ಯಾವ ಪ್ಲೇಯರೂ ತೆರೆಯದು, ಎಫ್‌ಎಫ್‌ಪ್ರೋಬ್ ಕೇಳಿದರೆ ‘ಮೂವ್ ಆಟಮ್’ ಸಿಗಲಿಲ್ಲ ಎನ್ನುತ್ತದೆ. ಯಾವ ಫ್ರೇಮು ಫೈಲಿನ ಎಲ್ಲಿದೆ ಎಂಬ ಸೂಚಿಯ ಹೆಸರದು. ಫೋನು ಸಾಮಾನ್ಯವಾಗಿ ಅದನ್ನು ಕೊನೆಗೆ, ಸ್ಟಾಪ್ ಒತ್ತಿದ ಮೇಲೆ ಬರೆಯುತ್ತದೆ. ಚಿತ್ರಗಳೆಲ್ಲ ಇವೆ, ಸೂಚಿಯಿಲ್ಲ. ಕೋಡೆಕ್ ಹಾಕಿದರೆ ಇದು ಸರಿಯಾಗದು. ‘ಅನ್‌ಟ್ರಂಕ್’ ಎಂಬ ಮುಕ್ತ ತಂತ್ರಾಂಶಕ್ಕೆ ಅದೇ ಫೋನಿನಲ್ಲಿ, ಅದೇ ಸೆಟ್ಟಿಂಗಿನಲ್ಲಿ ತೆಗೆದ ಇನ್ನೊಂದು ಸರಿಯಾದ ವಿಡಿಯೋ ಮಾದರಿಯಾಗಿ ಕೊಟ್ಟರೆ ಅದು ಸೂಚಿಯನ್ನು ಮರುಕಟ್ಟಲು ನೋಡುತ್ತದೆ. ಹಾಗಾಗಿ ಫೋನ್ ಮಾರುವ ಮುಂಚೆ ಅದರ ಒಂದು ಚಿಕ್ಕ ಮಾದರಿ ವಿಡಿಯೋ ಇಟ್ಟುಕೊಳ್ಳಿ. ಮಾದರಿಯನ್ನು ವಾಟ್ಸಾಪಿನಲ್ಲಿ ವಿಡಿಯೋ ಆಗಿ ಕಳಿಸಿಕೊಂಡರೆ ಪ್ರಯೋಜನವಿಲ್ಲ, ಅದು ಮತ್ತೆ ಕುಗ್ಗಿಸಿಬಿಡುತ್ತದೆ. ಕೇಬಲ್ಲಿನಲ್ಲಿ ನಕಲಿಸಿ.

ಇನ್ನು 2006ರ ಕಾಲದ ಡಿವಿಡಿ. ಅದರೊಳಗಿರುವುದು 720 x 576ರ ಎಂಪೆಗ್2, ಹೆಚ್ಚಾಗಿ ಇಂಟರ್‌ಲೇಸ್ಡ್. ಒಂದು ಫ್ರೇಮಿನಲ್ಲಿ ಬೆಸ ಸಾಲು 288, ಸಮ ಸಾಲು 288, ಎರಡನ್ನೂ ಹಿಡಿದದ್ದು ಸೆಕೆಂಡಿನ ಐವತ್ತರ ಒಂದು ಭಾಗದ ಅಂತರದಲ್ಲಿ. ಹಳೆಯ ಟಿವಿ ಒಂದಾದ ಮೇಲೊಂದು ತೋರಿಸುತ್ತಿತ್ತು, ಕಂಪ್ಯೂಟರ್ ಎರಡನ್ನೂ ಒಟ್ಟಿಗೆ ತೋರಿಸುತ್ತದೆ. ಕಲಶ ಎತ್ತಿದ ಕೈ ಅಷ್ಟರಲ್ಲಿ ಸರಿದಿರುತ್ತದೆ, ಆ ಗೆರೆಗಳು ಬರುವುದು ಅದಕ್ಕೇ. ವಿಎಲ್‌ಸಿಯಲ್ಲಾಗಲಿ ಎಂಪಿವಿಯಲ್ಲಾಗಲಿ ಡಿ ಒತ್ತಿದರೆ ಡಿಇಂಟರ್‌ಲೇಸ್ ಆಗುತ್ತದೆ. ಫೈಲನ್ನು ಹಾಗೇ ಬಿಡಿ. ಸಣ್ಣದು ಮಾಡುತ್ತೇನೆಂದು ಡಿಇಂಟರ್‌ಲೇಸ್ ಮಾಡದೆ ಎಚ್.264ಕ್ಕೆ ಬದಲಿಸಿ, ಎತ್ತರವನ್ನೂ ಕುಗ್ಗಿಸಿದರೆ ಆ ಗೆರೆಗಳು ಚಿತ್ರದಲ್ಲೇ ಬೆರೆತುಹೋಗುತ್ತವೆ, ಮತ್ತೆ ಬಿಡಿಸಲಾಗದು. ಅಂಗಡಿಯ ಮೂಲ ಡಿವಿಡಿಯಾದರೆ ಹೆಚ್ಚಾಗಿ ನಕಲು ತಡೆಯುವ ಬೀಗವಿರುತ್ತದೆ. ಉಬುಂಟು, ಡೆಬಿಯನ್‌ಗಳಲ್ಲಿ ‘ಲಿಬ್‌ಡಿವಿಡಿ ಪಿಕೆಜಿ’ ಹಾಕಿ, ಅದನ್ನು ಡಿಪಿಕೆಜಿ ರೀಕಾನ್ಫಿಗರ್ ಮೂಲಕ ಇನ್ನೊಮ್ಮೆ ಸಿದ್ಧಗೊಳಿಸಬೇಕು. ಬರೀ ಇನ್‌ಸ್ಟಾಲ್ ಮಾಡಿ ಬಿಟ್ಟರೆ ಕೆಲಸ ಅರ್ಧವೇ.

ಡಿಸ್ಕಿನ ಒಂದೇ ಜಾಗದಲ್ಲಿ ವಿಡಿಯೋ ಸಿಕ್ಕಿಬಿದ್ದು ಡ್ರೈವ್ ಕರಕರ ಎಂದರೆ ಅದು ಕೋಡೆಕ್ಕಿನ ಮಾತೇ ಅಲ್ಲ. ಸಕಲೇಶಪುರ, ಮೂಡಿಗೆರೆಯ ಮಳೆಗಾಲದ ತೇವಕ್ಕೆ ಡಿಸ್ಕಿಗೂ ಬೂಷ್ಟು ಹಿಡಿಯುತ್ತದೆ. ಮೆತ್ತನೆಯ ಒದ್ದೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಿಸಿ ಒರೆಸಬೇಡಿ. ಅಡ್ಡ ಗೀರನ್ನು ಡಿಸ್ಕಿನ ದೋಷ ತಿದ್ದುವ ವ್ಯವಸ್ಥೆ ದಾಟಿಸೀತು, ಟ್ರ್ಯಾಕಿನ ಉದ್ದಕ್ಕೆ ಬಿದ್ದ ಗೀರು ಕಷ್ಟ. ಆಮೇಲೆ ಕೆಟ್ಟ ಡಿಸ್ಕಿನಿಂದ ಸಿಕ್ಕಷ್ಟು ಓದಿ ತೆಗೆಯುವ ಡಿಡಿರೆಸ್ಕ್ಯೂ ಬಳಸಿ ಇಡೀ ಡಿಸ್ಕನ್ನು ಒಂದು ಇಮೇಜ್ (ಒಂದೇ ಫೈಲಿನ ಯಥಾಪ್ರತಿ) ಮಾಡಿಕೊಳ್ಳಿ. ಉಬುಂಟುವಿನಲ್ಲಿ ಪ್ಯಾಕೇಜಿನ ಹೆಸರಿನ ಆರಂಭದಲ್ಲಿ ಒಂದು ಜಿ ಸೇರಿದೆ. ಸೆಕ್ಟರ್ ಗಾತ್ರ 2048 ಎಂದು ತಿಳಿಸಿ, ಯಾವ ಭಾಗ ಓದಿಯಾಯಿತು ಎಂದು ಬರೆದಿಡುವ ಮ್ಯಾಪ್ ಫೈಲಿಗೂ ಒಂದು ಹೆಸರು ಕೊಡಿ. ಮೊದಲ ಸುತ್ತಿನಲ್ಲಿ ಸುಲಭವಾಗಿ ಸಿಕ್ಕಿದ್ದಷ್ಟು, ಎರಡನೇ ಸುತ್ತಿನಲ್ಲಿ ಉಳಿದ ಸೆಕ್ಟರುಗಳಿಗೆ ಮೂರು ಬಾರಿ ಮರುಪ್ರಯತ್ನ. ಮ್ಯಾಪ್ ಫೈಲ್ ಇರುವುದರಿಂದ ಕರೆಂಟು ಹೋದರೂ ನಿಂತ ಕಡೆಯಿಂದಲೇ ಮುಂದುವರಿಯುತ್ತದೆ. ಅದೇ ಮ್ಯಾಪ್ ಫೈಲ್ ಮತ್ತು ಇಮೇಜ್ ಇಟ್ಟುಕೊಂಡು ಬೇರೆ ಕಂಪನಿಯ ಡ್ರೈವಿನಲ್ಲಿ ಇನ್ನೊಂದು ಸುತ್ತು ಓಡಿಸಿ. ಒಂದು ಡ್ರೈವ್ ಓದಲಾರದ ಸೆಕ್ಟರನ್ನು ಇನ್ನೊಂದು ಓದಿಬಿಡುವುದು ಅಪರೂಪವಲ್ಲ. ಸಿಕ್ಕಿದ ಇಮೇಜನ್ನು ವಿಎಲ್‌ಸಿಯಲ್ಲಿ ನೇರವಾಗಿ ತೆರೆಯಬಹುದು.