‘ಡ್ರೈ’ ಅಂದರೆ ಏನು ಇಲ್ಲ?

ಇಂಗ್ಲಿಷಿನ ‘ಡ್ರೈ’ಯನ್ನು ಕನ್ನಡಕ್ಕೆ ತರುವಾಗ ಎಲ್ಲ ಕಡೆ ‘ಒಣ’ ನಡೆಯುವುದಿಲ್ಲ. ಹೊಲದ ಖರೀದಿ ಪತ್ರದಿಂದಲೇ ಶುರು ಮಾಡೋಣ. ಇಂಗ್ಲಿಷ್ ಪ್ರತಿಯಲ್ಲಿ ‘ಡ್ರೈ ಲ್ಯಾಂಡ್, 4 ಎಕರೆ’ ಎಂದಿದ್ದರೆ ಕನ್ನಡಕ್ಕೆ ತರುವವರು ‘ಬರಡು ಭೂಮಿ’ ಎಂದು ಬರೆದುಬಿಡುತ್ತಾರೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಕಡೆಯ ಎರಿ (ಕಪ್ಪು ಮಣ್ಣಿನ) ಹೊಲಕ್ಕೆ ಬರಡು ಅಂದರೆ ಹೊಲದವ ಜಗಳಕ್ಕೇ ಬಂದಾನು. ಪಹಣಿಯ ಮಾತಿನಲ್ಲಿ ಡ್ರೈ ಲ್ಯಾಂಡ್ ಅಂದರೆ ಖುಷ್ಕಿ, ಮಳೆ ನಂಬಿ ಬೆಳೆಯುವ ಜಮೀನು. ಕೆರೆ-ಕಾಲುವೆಯ ನೀರುಂಡದ್ದು ತರಿ, ತೋಟದ್ದು ಬಾಗಾಯ್ತು. ಪಾರಸಿಯಲ್ಲಿ ಖುಷ್ಕ್ ಅಂದರೆ ಒಣ, ತರ್ ಅಂದರೆ ಹಸಿ. ಸಾಗುವಳಿಗೆ ಬಾರದ ನೆಲ ಖರಾಬು. ಇಂಗ್ಲಿಷಿನ ‘ಬ್ಯಾರನ್’ ಹೊಂದುವುದು ಅದಕ್ಕೆ. ತಮಾಷೆ ಎಂದರೆ, ಹಸಿಯ ಲೆಕ್ಕ ಅತಿ ಹೆಚ್ಚು ನಡೆಯುವುದು ಈ ಡ್ರೈ ಲ್ಯಾಂಡಿನಲ್ಲೇ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತಿದ ಹಿಂಗಾರಿ ಬಿಳಿಜೋಳ ಎರಿ ಮಣ್ಣು ಹಿಡಿದಿಟ್ಟ ಹಸಿಯ ಮೇಲೇ ತೆನೆ ಕಟ್ಟುತ್ತದೆ. ಹಾಗಾದರೆ ಅಲ್ಲಿ ಇಲ್ಲದ್ದು ಏನು? ನೀರಾವರಿ.

ಡ್ರೈ ಎದುರಾದಾಗಲೆಲ್ಲ ಇದನ್ನೇ ಕೇಳಬೇಕು: ಏನು ಇಲ್ಲ? ಕೆಲವೊಮ್ಮೆ ಉತ್ತರ ನೀರೇ ಆಗಿರುವುದಿಲ್ಲ.

ಹೈನುಗಾರಿಕೆಯ ಕೈಪಿಡಿಗಳಲ್ಲಿ ‘ಡ್ರೈ ಕೌ’ ಬರುತ್ತದೆ. ‘ಒಣಗಿದ ಆಕಳು’ ಎಂದರೆ ಎಲುಬು ಎದ್ದ ಆಕಳು ಕಣ್ಣಿಗೆ ಬರುತ್ತದೆ. ‘ಗೊಡ್ಡಾಕಳು’ ಇನ್ನೂ ಅಪಾಯ. ಗೊಡ್ಡು ಅಂದರೆ ಗಬ್ಬ ಕಟ್ಟದ್ದು, ಸಂತೆಗೆ ಹೊಡೆಯುವ ದನ. ಡ್ರೈ ಕೌ ಸಾಮಾನ್ಯವಾಗಿ ತುಂಬಿದ ಗಬ್ಬದ್ದು. ಆಕಳ ಗಬ್ಬ ಸುಮಾರು 280 ದಿನ; ಈಯಲು 60 ದಿನ ಇದ್ದಾಗ ಹಿಂಡುವುದನ್ನು ನಿಲ್ಲಿಸಿ, ಕೆಚ್ಚಲಿಗೆ ಬಿಡುವು ಕೊಡುತ್ತಾರೆ. ಇಲ್ಲಿ ಇಲ್ಲದ್ದು ಹಾಲು. ‘ಹಾಲು ಬತ್ತಿಸಿದ ಗಬ್ಬದ ಆಕಳು’ ಎಂದರೆ ಯಾವ ರೈತನಿಗೂ ತಪ್ಪು ತಿಳಿಯುವುದಿಲ್ಲ.

ಅದೇ ಕೈಪಿಡಿಯ ‘ಡ್ರೈ ಮ್ಯಾಟರ್’ ಇನ್ನೊಂದು ಹೊಂಡ. ಅದು ಮೇವಿನ ಜಾತಿಯ ಹೆಸರಲ್ಲ, ನೀರಿನಂಶ ಕಳೆದು ಉಳಿಯುವ ತೂಕ. 100 ಕಿಲೊ ಹಸಿ ಗೋವಿನಜೋಳದ ಮೇವಿನಲ್ಲಿ 75-80 ಕಿಲೊ ನೀರೇ. ಡ್ರೈ ಮ್ಯಾಟರ್ 20-25 ಕಿಲೊ. ‘ದಿನಕ್ಕೆ 10 ಕಿಲೊ ಡ್ರೈ ಮ್ಯಾಟರ್’ ಎಂಬುದನ್ನು ‘10 ಕಿಲೊ ಒಣಮೇವು’ ಮಾಡಿದರೆ ರೈತ 10 ಕಿಲೊ ಕಣಿಕೆ ಹಾಕಿ ಹಸಿಮೇವನ್ನೇ ಬಿಟ್ಟಾನು. ‘ನೀರು ಕಳೆದ ತೂಕದಲ್ಲಿ 10 ಕಿಲೊ’ ಎನ್ನುವುದು ಉದ್ದವಾದೀತು, ಆಗಲಿ.

ಔಷಧದ ಅಂಗಡಿಯ ‘ಡ್ರೈ ಸಿರಪ್’ ಅಂತೂ ಇಂಗ್ಲಿಷಿನಲ್ಲೇ ವಿಚಿತ್ರ. ಒಣ ಪಾನಕವೇ? ಬಾಟಲಿಯಲ್ಲಿ ಇರುವುದು ಪುಡಿ, ಇಲ್ಲದ್ದು ನೀರು, ಅದನ್ನು ಹಾಕಬೇಕಾದವರು ನಾವು. ಆದ್ದರಿಂದ ‘ನೀರು ಬೆರೆಸಬೇಕಾದ ಸಿರಪ್ ಪುಡಿ’ ಎಂದೇ ಬರೆಯಬೇಕು. ಬಳಸುವ ಕ್ರಮವನ್ನೂ ಬಿಡಿಸಿ ಹೇಳಬೇಕು: ಬಾಟಲಿ ತಟ್ಟಿ ಪುಡಿ ಸಡಿಲ ಮಾಡಿ, ಕುದಿಸಿ ಆರಿಸಿದ ನೀರನ್ನು ಗುರುತಿಗಿಂತ ಕೆಳಗೆ ಹಾಕಿ ಕುಲುಕಿ, ನೊರೆ ಇಳಿದ ಮೇಲೆ ಗುರುತಿನ ಮಟ್ಟಕ್ಕೆ ತುಂಬಿ. ಮೊದಲೇ ಗುರುತಿಗೆ ತುಂಬಿದರೆ ಪುಡಿ ಕರಗಿದ ಹಾಗೆ ಮಟ್ಟ ಇಳಿಯುತ್ತದೆ, ನೀರು ಕಡಿಮೆ ಬಿದ್ದು ಔಷಧ ಗಟ್ಟಿಯಾಗುತ್ತದೆ. ನೀರು ಹಾಕುವುದು ಒಂದೇ ಸಲ. ಪ್ರತಿ ಡೋಸಿಗೂ ಹಾಕಿದರೆ ಔಷಧದ ಪ್ರಮಾಣವೇ ತಪ್ಪುತ್ತದೆ.

ಉಳಿದವು ಸಲೀಸು. ಡ್ರೈ ಕ್ಲೀನಿಂಗಿನಲ್ಲಿ ಬಟ್ಟೆ ತೊಯ್ಯುತ್ತದೆ, ಆದರೆ ದ್ರಾವಕದಲ್ಲಿ, ನೀರಿನಲ್ಲಲ್ಲ. ಡ್ರೈ ಐಸ್ ಅಂದರೆ ಘನ ಇಂಗಾಲದ ಡೈಆಕ್ಸೈಡ್. ಕರಗಿ ನೀರಾಗದೆ ನೇರ ಅನಿಲವಾಗುತ್ತದೆ. ಡ್ರೈ ವೈನಿನಲ್ಲಿ ಇಲ್ಲದ್ದು ಸಿಹಿ, ಡ್ರೈ ಡೇಯಲ್ಲಿ ಮದ್ಯ, ಡ್ರೈ ಕೆಮ್ಮಿನಲ್ಲಿ ಕಫ.

ಕನ್ನಡದ ಕಷ್ಟ ಬೇರೆ ತರಹದ್ದು. ಇಂಗ್ಲಿಷ್ ಒಂದೇ ಕ್ರಿಯಾಪದದಲ್ಲಿ ಮುಗಿಸುವುದನ್ನು ನಾವು ಹಂಚಿಕೊಂಡಿದ್ದೇವೆ. ಬಟ್ಟೆ ಒಣಗುತ್ತದೆ, ಬಾವಿ ಬತ್ತುತ್ತದೆ, ಗಂಟಲು ಆರುತ್ತದೆ. ‘ಬಾವಿ ಒಣಗಿತು’ ಎಂದು ಬರೆದರೆ ಅರ್ಥವಾಗುತ್ತದೆ ನಿಜ, ಆದರೆ ಅದು ಪತ್ರಿಕೆಯ ಕನ್ನಡ, ಬಾವಿ ಇದ್ದವರ ಕನ್ನಡವಲ್ಲ.

ನಮ್ಮ ಮನೂಕ (ಒಣದ್ರಾಕ್ಷಿ) ಮಾರುವವರಿಗೆ ಒಂದು ಮಾತು. ‘ಡ್ರೈ’ ಸ್ಥಿತಿ, ‘ಡ್ರೈಡ್’ ಯಾರೋ ಮಾಡಿದ ಕೆಲಸ. ತಿಕೋಟಾ ಕಡೆಯ ಶೆಡ್ಡುಗಳಲ್ಲಿ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ, ನೆರಳಿನ ಬಲೆಯ ಮೇಲೆ ಸುಮಾರು ಎರಡು ವಾರ ಒಣಗಿಸುತ್ತಾರೆ, ಅದು ಡ್ರೈಡ್. ‘ಡ್ರೈ ಗ್ರೇಪ್ಸ್’ ನಮ್ಮ ದೇಶದ ಇಂಗ್ಲಿಷಿನಲ್ಲಿ ನಡೆಯುತ್ತದೆ, ಹೊರಗಿನ ಖರೀದಿದಾರನಿಗೆ ರಸವಿಲ್ಲದ ದ್ರಾಕ್ಷಿ ಎಂಬಂತೆ ಕೇಳಿಸುತ್ತದೆ. ಅವನಿಗೆ ಬೇಕಾದ ಪದ ರೈಸಿನ್. ಬ್ರಿಟನ್ನಿನವನಾದರೆ, ಹೀಗೆ ಅದ್ದಿ ಒಣಗಿಸಿದ ತಿಳಿಬಣ್ಣದ ಬೀಜರಹಿತ ಮಾಲಿಗೆ ‘ಸುಲ್ತಾನಾ’ ಎನ್ನುತ್ತಾನೆ. ‘ಡ್ರೈ ಫ್ರೂಟ್ಸ್’ನಲ್ಲಿ ನಾವು ಗೋಡಂಬಿ-ಬಾದಾಮಿ ಸೇರಿಸುತ್ತೇವೆ, ಅವನ ‘ಡ್ರೈಡ್ ಫ್ರೂಟ್’ನಲ್ಲಿ ಅವು ಬರುವುದಿಲ್ಲ, ಅವು ನಟ್ಸ್. ಆರ್ಡರಿನಲ್ಲಿ ಇದನ್ನು ಬಿಡಿಸಿ ಬರೆಯದಿದ್ದರೆ ಪೆಟ್ಟಿಗೆ ತೆರೆದಾಗ ತಕರಾರು ಗ್ಯಾರಂಟಿ.

ಅತಿ ಜಾರುವ ಜಾಗ ಹಾಸ್ಯದ್ದು. ‘ಡ್ರೈ ಲೆಕ್ಚರ್’ ನೀರಸ ಭಾಷಣ, ಬೈಗುಳ. ‘ಡ್ರೈ ಹ್ಯೂಮರ್’ ಹೊಗಳಿಕೆ: ತಾನು ನಗದೆ, ದನಿ ಏರಿಸದೆ, ಎದುರಿನವನನ್ನು ನಗಿಸುವ ಮಾತು. ಅದನ್ನು ‘ನೀರಸ ಹಾಸ್ಯ’ ಎಂದು ಬರೆದರೆ ಹೊಗಳಿಸಿಕೊಳ್ಳಬೇಕಾದವನಿಗೆ ಬೈದಂತೆ. ನೋಡಲು ಅಣ್ಣತಮ್ಮನಂತಿರುವ ‘ರೈ’ ಬೇರೆಯೇ ಪದ, ಸೊಟ್ಟ ಎಂದರ್ಥ. ‘ರೈ ಸ್ಮೈಲ್’ ಅಂದರೆ ತುಟಿ ಸೊಟ್ಟಗೆ ಮಾಡಿ ನಕ್ಕ ನಗೆ.

ತಿರುಗಿ ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ‘ಒಣ’ ಕೈಕೊಡುತ್ತದೆ. ಒಣಜಂಬ, ಒಣಹರಟೆ, ಒಣ ಉಪಚಾರಗಳಲ್ಲಿ ಇಲ್ಲದ್ದು ತಿರುಳು. ಅಲ್ಲಿ ‘ಎಂಪ್ಟಿ’, ‘ಐಡಲ್’, ‘ಹಾಲೊ’ಗಳಲ್ಲಿ ಹೊಂದುವುದನ್ನು ಆರಿಸಿ. ‘ಡ್ರೈ ಪ್ರೈಡ್’ ಎಂದು ಬರೆದರೆ ಇಂಗ್ಲಿಷಿನವನು ಜಂಬವನ್ನು ಯಾರು ಒಣಹಾಕಿದರೆಂದು ಹುಡುಕುತ್ತಾನೆ.