ಪೈಲಟ್ ಆಗಬೇಕಾ? ಫೀಸ್ ಕಟ್ಟೋ ಮೊದಲು ಮೆಡಿಕಲ್ ಮಾಡಿಸಿ

ತೋರಣಗಲ್ಲು ಹತ್ತಿರದ ವಿದ್ಯಾನಗರದಲ್ಲಿ ವಿಮಾನ ಏರುವುದನ್ನು ನೋಡುತ್ತಾ ಬೆಳೆದ ಬಳ್ಳಾರಿ ಕಡೆಯ ಮಕ್ಕಳಿಗೆ ಪೈಲಟ್ ಆಗುವ ಆಸೆ ಹುಟ್ಟುವುದು ಸಹಜ. ಆದರೆ ಕನ್ನಡಕ ಇದ್ದರೆ ಆಗಲ್ಲ ಅಂತ ಎಷ್ಟೋ ಜನ ಸುಮ್ನೆ ಆಸೆ ಬಿಡುತ್ತಾರೆ. ನಾಗರಿಕ ವಿಮಾನಕ್ಕೆ ಆ ಭಯ ಬೇಡ. ಕನ್ನಡಕ ಹಾಕಿದಾಗ ನೋಟ ನಿಯಮದ ಮಟ್ಟಕ್ಕೆ ಬಂದರೆ ಸಾಕು, ಹಾರುವಾಗ ಇನ್ನೊಂದು ಜೊತೆ ಜೇಬಲ್ಲಿರಬೇಕು ಅಷ್ಟೇ. ವಾಯುಪಡೆಯ ನಿಯಮ ಬೇರೆ.

ಅಡ್ಡ ಬರುವುದು ಬಣ್ಣ. ಬಣ್ಣ ಸರಿಯಾಗಿ ಗೊತ್ತಾಗುತ್ತದಾ ಅಂತ ಪರೀಕ್ಷಿಸಲು ಇಶಿಹಾರ ಅಂತ ಒಂದು ಪುಸ್ತಕ ಇದೆ, ಪುಟದ ತುಂಬಾ ಬಣ್ಣದ ಚುಕ್ಕಿಗಳು, ಅವುಗಳ ನಡುವೆ ಅಂಕಿ. ಮೊದಲ ಪುಟದ 12 ಎಲ್ಲರಿಗೂ ಕಾಣುತ್ತದೆ. ಮುಂದಿನ ಪುಟದಲ್ಲಿ ನಾವು 8 ಅಂದರೆ, ಕೆಂಪು-ಹಸಿರು ಸರಿಯಾಗಿ ಗೊತ್ತಾಗದವರು 3 ಅನ್ನುತ್ತಾರೆ. ಮೆಣಸಿನಕಾಯಿ ಕಣದಲ್ಲೇ ಆಡಿ ಬೆಳೆದ ಹುಡುಗನಿಗೂ ತನಗೆ ಈ ತೊಂದರೆ ಇದೆ ಅಂತ ತಿಳಿದಿರುವುದಿಲ್ಲ, ಯಾಕಂದ್ರೆ ಹಣ್ಣಾದ ಕಾಯಿಯನ್ನು ಆಕಾರ, ಹೊಳಪು, ರೂಢಿಯಿಂದಲೇ ಗುರುತಿಸಿಬಿಡುತ್ತಾನೆ. ಇದಕ್ಕೆ ಕಾರಣವಾದ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ, ಅದಕ್ಕೇ ಗಂಡುಮಕ್ಕಳಲ್ಲಿ ಜಾಸ್ತಿ. ತಾಯಿಯ ತಂದೆಯಿಂದ ಮೊಮ್ಮಗನಿಗೆ ಬರಬಹುದು.

ಬಣ್ಣಕ್ಕೆ ಇಷ್ಟು ಬೆಲೆ ಯಾಕೆ? ರನ್‌ವೇ ಪಕ್ಕ ಸಾಲಾಗಿ ನಾಲ್ಕು ದೀಪ ಇರುತ್ತವೆ. ಎರಡು ಬಿಳಿ, ಎರಡು ಕೆಂಪು ಕಂಡರೆ ಇಳಿಯುವ ಎತ್ತರ ಸರಿ. ನಾಲ್ಕೂ ಕೆಂಪಾದರೆ ವಿಮಾನ ತೀರಾ ಕೆಳಗಿದೆ. ಪುಸ್ತಕದಲ್ಲಿ ತಪ್ಪಿದ ಮಾತ್ರಕ್ಕೆ ಎಲ್ಲಾ ಮುಗಿಯಿತು ಅಂತಲ್ಲ, ದೀಪದ ಬಣ್ಣ ಗುರುತಿಸುವ ಲ್ಯಾಂಟರ್ನ್ ಪರೀಕ್ಷೆಯೂ ಇದೆ.

ಇನ್ನು ರಕ್ತ. ನಮ್ಮ ಕಡೆ ರಕ್ತಹೀನತೆ ಜಾಸ್ತಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ. ವಿಮಾನದೊಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟೇ ಇರುತ್ತದೆ, ಹಾಗಾಗಿ ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಮೆದುಳಿಗೆ ಸಿಗುವ ಆಮ್ಲಜನಕವೂ ಕಡಿಮೆ. ಇಂಥದ್ದಕ್ಕೆ ಸಾಮಾನ್ಯವಾಗಿ ತಾತ್ಕಾಲಿಕವಾಗಿ ಅನ್‌ಫಿಟ್ ಅನ್ನುತ್ತಾರೆ, ಚಿಕಿತ್ಸೆ ಪಡೆದು ಮತ್ತೆ ಹೋಗಬಹುದು. ಕಿವಿ, ಇಸಿಜಿ, ಎದೆಯ ಎಕ್ಸ್‌ರೇ, ಮೂತ್ರ ಕೂಡ ನೋಡುತ್ತಾರೆ.

ಮೊದಲು ನಾಗರಿಕ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ಮಾನ್ಯತೆ ಇರುವ ವೈದ್ಯರಲ್ಲಿ ಕ್ಲಾಸ್ 2 ಮೆಡಿಕಲ್, ಆಮೇಲೆ ಕ್ಲಾಸ್ 1 ಮೆಡಿಕಲ್. ಕ್ಲಾಸ್ 1 ಮಾಡುವ ಜಾಗಗಳಲ್ಲಿ ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯೂ ಒಂದು. ಸಂಬಳದ ಪೈಲಟ್ ಕೆಲಸಕ್ಕೆ ಬೇಕಾಗುವುದು ಕ್ಲಾಸ್ 1. ಹೊಲ ಅಡ ಇಟ್ಟು ಲಕ್ಷಗಟ್ಟಲೆ ಫೀಸ್ ಕಟ್ಟುವ ಮನೆಯವರು ಕ್ಲಾಸ್ 2 ಒಂದನ್ನೇ ನಂಬಿ ದುಡ್ಡು ಹಾಕಬಾರದು. ಎರಡೂ ಕೈಗೆ ಬಂದ ಮೇಲೆ ಕಟ್ಟಲಿ.