‘ನಾನು ಹುಡುಗನೂ ಅಲ್ಲ, ಹುಡುಗಿಯೂ ಅಲ್ಲ’ ಎಂದು ಮಗು ಹೇಳಿದರೆ

ಹೈಸ್ಕೂಲೋ ಪಿಯುಸಿಯೋ ಓದುತ್ತಿರುವ ಮಗು ಒಂದು ದಿನ ‘ನಾನು ಹುಡುಗಿ ಅಂತ ನನಗೆ ಅನ್ನಿಸೋದೇ ಇಲ್ಲ, ಹಾಗಂತ ಹುಡುಗ ಅಂತಲೂ ಅಲ್ಲ’ ಎಂದರೆ, ಕಾರವಾರವಿರಲಿ ಶಿರಸಿಯಿರಲಿ, ತಂದೆ-ತಾಯಿಗೆ ಮೊದಲು ನೆನಪಾಗುವುದು ಡಾಕ್ಟರು. ಹಾರ್ಮೋನು ಹೆಚ್ಚುಕಡಿಮೆ ಆಗಿರಬೇಕು, ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಿ ಒಮ್ಮೆ ತೋರಿಸಿಬಿಡೋಣ ಎನ್ನುತ್ತಾರೆ. ಆತಂಕದಲ್ಲಿ ಹಾಗನ್ನಿಸುವುದು ಸಹಜ. ಆದರೆ ಇಂಥ ಮಕ್ಕಳ ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಸಾಮಾನ್ಯವಾಗಿ ನಾರ್ಮಲ್ ಆಗಿಯೇ ಬರುತ್ತವೆ. ತೊಂದರೆ ಶುರುವಾಗುವುದು ಅಲ್ಲೇ. ‘ನೋಡು, ನಿನಗೆ ಏನೂ ಆಗಿಲ್ಲ, ಸುಮ್ನೆ ತಲೆಗೆ ಹಚ್ಚಿಕೊಂಡಿದ್ದೀಯ’ ಎಂಬ ಮಾತು ಬರುತ್ತದೆ. ಆಮೇಲೆ ಮಗು ಬಾಯಿ ಬಿಡುವುದಿಲ್ಲ.

ರಿಪೋರ್ಟಿನಲ್ಲಿ ಸಿಗುವುದು ದೇಹದ ವಿಚಾರ ಮಾತ್ರ. ಗರ್ಭದಲ್ಲಿ ಮೊದಲ ಆರು ವಾರ ಎಲ್ಲ ಭ್ರೂಣಗಳ ಜನನಾಂಗದ ಮೊಳಕೆಯೂ ಒಂದೇ ಥರ ಇರುತ್ತದೆ. ಆಮೇಲೆ ವೈ ಕ್ರೋಮೋಸೋಮಿನಲ್ಲಿರುವ ಎಸ್‌ಆರ್‌ವೈ ಎಂಬ ಜೀನ್ ಕೆಲಸ ಶುರು ಮಾಡಿದರೆ ಅದು ವೃಷಣವಾಗಿ ಬೆಳೆಯುತ್ತದೆ, ಇಲ್ಲವಾದರೆ ಅಂಡಾಶಯವಾಗುತ್ತದೆ. ಈ ಜೀನನ್ನು ವಿಜ್ಞಾನಿಗಳು ಗುರುತಿಸಿದ್ದು 1990ರಲ್ಲಿ. ಹೆರಿಗೆ ಕೋಣೆಯಲ್ಲಿ ನರ್ಸ್ ‘ಗಂಡು’ ಅಥವಾ ‘ಹೆಣ್ಣು’ ಎಂದು ಹೇಳುವುದು ಈ ಬೆಳವಣಿಗೆಯ ಹೊರಗಿನ ಗುರುತು ನೋಡಿ. ತಾನು ಯಾರು ಎಂಬ ಒಳಗಿನ ಅರಿವು ಬೇರೆ. ಎರಡು-ಮೂರು ವರ್ಷದ ಹೊತ್ತಿಗೆ ಮಕ್ಕಳು ತಮ್ಮನ್ನು ಹುಡುಗ, ಹುಡುಗಿ ಎಂದು ಹೇಳಿಕೊಳ್ಳಲು ಕಲಿಯುತ್ತಾರೆ. ಹೆಚ್ಚಿನವರಲ್ಲಿ ಹೊರಗಿನ ಗುರುತೂ ಒಳಗಿನ ಅರಿವೂ ಒಂದೇ ಕಡೆಗಿರುತ್ತವೆ. ಹಾಗಾಗಿ ಹೀಗೊಂದು ಅರಿವು ತಮ್ಮೊಳಗಿದೆ ಎಂಬುದೇ ಅವರ ಗಮನಕ್ಕೆ ಬರುವುದಿಲ್ಲ. ಕೆಲವರಲ್ಲಿ ಅವು ಹೊಂದುವುದಿಲ್ಲ. ಆ ಕೆಲವರಲ್ಲೂ ಒಂದಿಷ್ಟು ಜನರಿಗೆ ಹುಡುಗ, ಹುಡುಗಿ ಎಂಬ ಎರಡೂ ಹೆಸರು ಒಪ್ಪುವುದಿಲ್ಲ. ಅಥವಾ ಎರಡೂ ಸ್ವಲ್ಪ ಸ್ವಲ್ಪ ಒಪ್ಪುತ್ತವೆ. ಅವರು ತಮ್ಮನ್ನು ನಾನ್-ಬೈನರಿ ಎಂದು ಕರೆದುಕೊಳ್ಳುತ್ತಾರೆ. ಮುಂದೆ ಯಾರ ಮೇಲೆ ಪ್ರೀತಿ ಹುಟ್ಟುತ್ತದೆ ಎಂಬುದು ಬೇರೆಯೇ ವಿಷಯ. ಅದನ್ನು ಇದರೊಳಗೆ ಬೆರೆಸಿ ಗಾಬರಿಯಾಗುವ ಅಗತ್ಯವಿಲ್ಲ.

ಮಿದುಳಿನ ಸ್ಕ್ಯಾನ್‌ನಲ್ಲಾದರೂ ಗೊತ್ತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಟೆಲ್ ಅವೀವ್ ವಿಶ್ವವಿದ್ಯಾಲಯದ ದಾಫ್ನಾ ಜೋಯೆಲ್ ಮತ್ತು ಅವರ ತಂಡ 2015ರಲ್ಲಿ 1,400ಕ್ಕೂ ಹೆಚ್ಚು ಜನರ ಮಿದುಳಿನ ಎಂಆರ್‌ಐ ಚಿತ್ರಗಳನ್ನು ಹೋಲಿಸಿ ನೋಡಿತು. ಕೆಲವು ಭಾಗಗಳು ಸರಾಸರಿಯಲ್ಲಿ ಗಂಡಸರಲ್ಲಿ ದೊಡ್ಡದು, ಕೆಲವು ಹೆಂಗಸರಲ್ಲಿ ದೊಡ್ಡದು. ಆದರೆ ಒಬ್ಬೊಬ್ಬರ ಮಿದುಳನ್ನು ತೆಗೆದುಕೊಂಡರೆ ಎಲ್ಲ ಭಾಗಗಳೂ ‘ಗಂಡಿನ ಕಡೆ’ ಅಥವಾ ಎಲ್ಲವೂ ‘ಹೆಣ್ಣಿನ ಕಡೆ’ ಇರುವವರು ತೀರಾ ಕಡಿಮೆ. ಬೇರೆ ತಂಡಗಳು ಇದನ್ನು ಪೂರ್ತಿ ಒಪ್ಪಿಲ್ಲ. ಕಂಪ್ಯೂಟರು ಎಲ್ಲ ಭಾಗಗಳನ್ನೂ ಒಟ್ಟಿಗೆ ಲೆಕ್ಕ ಹಾಕಿದರೆ ಹೆಣ್ಣೋ ಗಂಡೋ ಎಂದು ಬಹುಪಾಲು ಸರಿಯಾಗಿಯೇ ಹೇಳುತ್ತದೆ ಎನ್ನುವುದು ಅವರ ವಾದ. ಏನೇ ಇರಲಿ, ಒಂದು ಮಗುವಿನ ಅರಿವನ್ನು ಸ್ಕ್ಯಾನ್ ತೆಗೆದು ಖಚಿತಪಡಿಸುವ ಪರೀಕ್ಷೆ ಯಾವ ಆಸ್ಪತ್ರೆಯಲ್ಲೂ ಇಲ್ಲ. ಹೀಗೇಕಾಗುತ್ತದೆ ಎಂಬುದಕ್ಕೆ ಜೀನ್, ಗರ್ಭದಲ್ಲಿನ ಹಾರ್ಮೋನು ಎಂದು ಹಲವು ಕಡೆ ಹುಡುಕಾಟ ನಡೆದಿದೆ. ಒಂದೇ ಕಾರಣ ಸಿಕ್ಕಿಲ್ಲ. ಮನೆಯವರು ಬೆಳೆಸಿದ ರೀತಿಯಿಂದ ಹೀಗಾಯಿತು ಎನ್ನಲು ಗಟ್ಟಿ ಪುರಾವೆ ಇಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ. ನಮ್ಮಲ್ಲಿ ತಪ್ಪು ಯಾವಾಗಲೂ ತಾಯಿಯ ತಲೆಗೇ ಬರುತ್ತದೆ, ಅಲ್ವಾ?

ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಹತ್ತಿರ ಕ್ಲೌನ್ ಮೀನುಗಳಿವೆ. ಅವು ಗಂಡಾಗಿ ಬೆಳೆದು ಮುಂದೆ ಹೆಣ್ಣಾಗಬಲ್ಲವು. ಪ್ರಕೃತಿಯಲ್ಲೇ ಹೀಗಿದೆ ನೋಡಿ ಎಂದು ಈ ಉದಾಹರಣೆ ಕೊಡುವವರ ಉದ್ದೇಶ ಒಳ್ಳೆಯದೇ. ಆದರೆ ಅದು ಮೀನಿನ ದೇಹದ ಕಥೆ. ಮನುಷ್ಯನ ಮಗುವಿನ ಮಾತನ್ನು ನಂಬಲು ಮೀನಿನ ಸಾಕ್ಷಿ ಬೇಡ ಎಂದು ನನ್ನ ಅಭಿಪ್ರಾಯ.

ಇದು ಕಾಯಿಲೆಯೇ? ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿ 2022ರ ಜನವರಿ 1ರಿಂದ ಜಾರಿಗೆ ಬಂತು. ಹುಟ್ಟಿನ ಗುರುತಿಗೂ ಒಳಗಿನ ಅರಿವಿಗೂ ಹೊಂದಾಣಿಕೆ ಇಲ್ಲದಿರುವುದನ್ನು ಅದು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗೆ ತೆಗೆದಿದೆ. ಹಾಗಂತ ಈ ಮಕ್ಕಳಿಗೆ ಸಂಕಟವೇ ಇಲ್ಲ ಎಂದಲ್ಲ. ಖಿನ್ನತೆ, ಆತಂಕ, ಸಾಯುವ ಯೋಚನೆ ಇವರಲ್ಲಿ ಉಳಿದ ಮಕ್ಕಳಿಗಿಂತ ಜಾಸ್ತಿ. ಅದು ಎಲ್ಲಿಂದ ಬರುತ್ತದೆ ಎಂದು ಹುಡುಕಿದ ಸಂಶೋಧಕರು ಮತ್ತೆ ಮತ್ತೆ ತಲುಪಿದ್ದು ಮನೆಯ ಬಾಗಿಲಿಗೆ.

ಸ್ಯಾನ್ ಫ್ರಾನ್ಸಿಸ್ಕೋದ ಕೇಟ್ಲಿನ್ ರಯಾನ್ ಮತ್ತು ಸಂಗಡಿಗರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸಲಿಂಗಿ ಮತ್ತು ದ್ವಿಲಿಂಗಿ (ಹೆಣ್ಣು, ಗಂಡು ಇಬ್ಬರತ್ತಲೂ ಆಕರ್ಷಣೆ ಇರುವ) ಯುವಜನರನ್ನು, ಹದಿಹರೆಯದಲ್ಲಿ ಮನೆಯವರು ನಿಮ್ಮ ಜೊತೆ ಹೇಗೆ ನಡೆದುಕೊಂಡರು ಎಂದು ಕೇಳಿದ್ದರು. ಮನೆಯವರು ತೀವ್ರವಾಗಿ ತಿರಸ್ಕರಿಸಿದ್ದವರಲ್ಲಿ ಆತ್ಮಹತ್ಯೆಗೆ ಪ್ರಯತ್ನಿಸಿದ್ದೇವೆ ಎಂದವರ ಪ್ರಮಾಣ ಹೆಚ್ಚು. ತಿರಸ್ಕಾರ ಇಲ್ಲದ ಅಥವಾ ಕಡಿಮೆ ಇದ್ದ ಮನೆಯವರಿಗೆ ಹೋಲಿಸಿದರೆ ಅದರ ಸಾಧ್ಯತೆ 8.4 ಪಟ್ಟು. ತಿರಸ್ಕಾರ ಎಂದರೆ ಹೊಡೆಯುವುದು, ಹೊರಗೆ ಹಾಕುವುದು ಅಷ್ಟೇ ಅಲ್ಲ. ಸ್ನೇಹಿತರ ಜೊತೆ ಸೇರಲು ಬಿಡದಿರುವುದು, ನಾಲ್ಕು ಜನರ ಎದುರು ನಾಚಿಕೆ ಪಡಿಸುವುದೂ ಅದರಲ್ಲಿ ಸೇರುತ್ತದೆ. ಇವನ್ನೆಲ್ಲ ಮನೆಯವರು ಬಹಳ ಸಲ ಮಾಡುವುದು ಪ್ರೀತಿಯಿಂದಲೇ, ಮಗು ‘ಸರಿಹೋಗಲಿ’ ಎಂದು. ಸ್ಟೀಫನ್ ರಸೆಲ್ ತಂಡದ 2018ರ ಅಧ್ಯಯನ ಇನ್ನೂ ಹತ್ತಿರದ್ದು. 15ರಿಂದ 21 ವಯಸ್ಸಿನ 129 ಟ್ರಾನ್ಸ್ (ಒಳಗಿನ ಅರಿವು ಹುಟ್ಟಿನ ಗುರುತಿಗೆ ಹೊಂದದ) ಮತ್ತು ನಾನ್-ಬೈನರಿ ಯುವಜನರನ್ನು ಅವರು ಕೇಳಿದ್ದು ಒಂದು ಸರಳ ವಿಷಯ. ನೀವು ಆರಿಸಿಕೊಂಡ ಹೆಸರಿನಿಂದ ಮನೆಯಲ್ಲಿ, ಶಾಲೆಯಲ್ಲಿ, ಕೆಲಸದ ಜಾಗದಲ್ಲಿ, ಸ್ನೇಹಿತರ ನಡುವೆ ಕರೆಯುತ್ತಾರಾ? ಹಾಗೆ ಕರೆಯುವ ಜಾಗ ಒಂದೊಂದು ಹೆಚ್ಚಾದಂತೆ ಸಾಯುವ ಯೋಚನೆ 29 ಶೇಕಡಾ ಕಡಿಮೆ ಕಂಡುಬಂತು. ಇವು ಅಮೆರಿಕದ ಅಧ್ಯಯನಗಳು. ಎರಡು ಸಂಗತಿ ಒಟ್ಟಿಗೆ ಕಂಡ ಮಾತ್ರಕ್ಕೆ ಒಂದರಿಂದಲೇ ಇನ್ನೊಂದಾಯಿತು ಎಂದು ಸಾಬೀತಾಗುವುದೂ ಇಲ್ಲ. ಆದರೆ ಒಂದು ಹೆಸರು ಕರೆಯುವುದಕ್ಕೆ ಖರ್ಚೇನು? ಅಂಕೋಲಾ, ಕುಮಟಾ ಕಡೆ ಯಾವ ಮನೆಗೆ ಹೋದರೂ ಮಕ್ಕಳಿಗೆ ಶಾಲೆಯಲ್ಲಿ ಒಂದು ಹೆಸರು, ಮನೆಯಲ್ಲಿ ಇನ್ನೊಂದು. ಅದಕ್ಕೆ ಯಾರೂ ಅಫಿಡವಿಟ್ ಕೇಳಲಿಲ್ಲ.

‘ಇದೆಲ್ಲ ವಯಸ್ಸಿನ ಹುಚ್ಚು, ಮೊಬೈಲಿನಿಂದ ಬಂದದ್ದು, ಹೋಗುತ್ತದೆ’ ಎನ್ನುವವರಿಗೂ ಉತ್ತರ ಬೇಕು. ಕ್ರಿಸ್ಟಿನಾ ಓಲ್ಸನ್ ತಂಡ ಹುಟ್ಟಿನ ಗುರುತು ಬಿಟ್ಟು ಹೊಸ ಹೆಸರು, ಬಟ್ಟೆಯೊಂದಿಗೆ ಬದುಕಲು ಶುರು ಮಾಡಿದ 317 ಚಿಕ್ಕ ಮಕ್ಕಳು ಹಾಗೆ ಶುರು ಮಾಡಿ ಸರಾಸರಿ ಐದು ವರ್ಷದ ಮೇಲೆ ಹೇಗಿದ್ದಾರೆ ಎಂದು ನೋಡಿ 2022ರಲ್ಲಿ ವರದಿ ಕೊಟ್ಟಿತು. 94 ಶೇಕಡಾ ಮಕ್ಕಳು ಅದೇ ಗುರುತಿನಲ್ಲಿದ್ದರು, 3.5 ಶೇಕಡಾ ನಾನ್-ಬೈನರಿ ಎಂದರು, 2.5 ಶೇಕಡಾ ಹುಟ್ಟಿನ ಗುರುತಿಗೆ ಮರಳಿದ್ದರು. ಹದಿನೈದನೇ ವಯಸ್ಸಿನಲ್ಲಿ ಮೊದಲ ಸಲ ಹೇಳಿಕೊಳ್ಳುವ ಮಕ್ಕಳಿಗೆ ಈ ಅಂಕಿಗಳನ್ನು ನೇರವಾಗಿ ಹಚ್ಚಲು ಆಗುವುದಿಲ್ಲ. ನನ್ನ ವಾದ ಬೇರೆ. ಈ ಗುರುತು ಉಳಿಯುತ್ತದೋ ಬದಲಾಗುತ್ತದೋ ಎಂದು ತೀರ್ಮಾನಿಸುವ ಕೆಲಸ ತಂದೆ-ತಾಯಿಯದ್ದಲ್ಲ. ಎರಡರಲ್ಲಿ ಯಾವುದಾದರೂ ಆಗಲಿ, ಈ ವರ್ಷ ಮಗು ನಿಮ್ಮ ಜೊತೆ ಮಾತಾಡುತ್ತಿರಬೇಕು. ಕಾಯುವುದಕ್ಕೂ ಒಪ್ಪಿಕೊಳ್ಳುವುದಕ್ಕೂ ಜಗಳ ಇಲ್ಲ. ಕೂದಲು, ಬಟ್ಟೆ, ಕರೆಯುವ ಹೆಸರು ಯಾವಾಗ ಬೇಕಾದರೂ ಬದಲಾಯಿಸಬಹುದಾದವು. ಹದಿಹರೆಯದ ಬೆಳವಣಿಗೆ ತಡೆಯುವ ಔಷಧಗಳ ಬಗ್ಗೆ ವೈದ್ಯರಲ್ಲೇ ಭಿನ್ನಾಭಿಪ್ರಾಯವಿದೆ. 2024ರಲ್ಲಿ ಇಂಗ್ಲೆಂಡಿನ ಕ್ಯಾಸ್ ವರದಿ ಅದಕ್ಕೆ ಪುರಾವೆ ದುರ್ಬಲ ಎಂದಿತು. ಆದರೆ ಬಹಳಷ್ಟು ನಾನ್-ಬೈನರಿ ಮಕ್ಕಳು ಔಷಧವನ್ನು ಕೇಳುವುದೇ ಇಲ್ಲ. ಮಗು ಕೇಳದ ಆಪರೇಷನ್ನಿನ ಬಗ್ಗೆ ರಾತ್ರಿಯೆಲ್ಲ ನಿದ್ದೆಗೆಡುವ ತಂದೆ-ತಾಯಿಯರಿಗೆ ಇದು ಗೊತ್ತಿರಲಿ.

ದಿನದ ಮಾತಿನಲ್ಲಿ ಏನು ಮಾಡುವುದು? ಎದುರಿಗೆ ಮಾತಾಡುವಾಗ ಕನ್ನಡ ಅಷ್ಟಾಗಿ ತೊಂದರೆ ಕೊಡುವುದಿಲ್ಲ, ‘ನೀನು’ ಎಲ್ಲರಿಗೂ ಒಂದೇ. ಮಗುವಿನ ಬಗ್ಗೆ ಬೇರೆಯವರ ಹತ್ತಿರ ಮಾತಾಡುವಾಗ ಕ್ರಿಯಾಪದವೇ ಗಂಡು-ಹೆಣ್ಣು ಹೇಳಿಬಿಡುತ್ತದೆ. ಸ್ವಂತ ಮಗುವನ್ನು ‘ಅವರು ಬಂದರು’ ಎಂದರೆ ತಾಯಿಗೆ ಯಾರೋ ನೆಂಟರ ವಿಷಯ ಹೇಳಿದ ಹಾಗಾಗುತ್ತದೆ. ‘ಅದು’ ಎನ್ನೋಣವೆಂದರೆ ಶಿರಸಿ-ಸಿದ್ದಾಪುರದ ಹವ್ಯಕರ ಮನೆಗಳಲ್ಲಿ ಹೆಣ್ಣುಮಕ್ಕಳಿಗೇ ‘ಕೂಸು ಬಂತು’ ಎನ್ನುವ ರೂಢಿ. ಬೇರೆ ಕಡೆ ಅದು ಅವಮಾನ. ಮಗುವನ್ನೇ ಕೇಳುವುದು ಒಳ್ಳೆಯದು. ಅಲ್ಲಿಯವರೆಗೆ ಹೆಸರನ್ನೇ ಹೇಳಬಹುದು. ‘ಊಟ ಮಾಡಿದ್ಳಾ’ ಬದಲು ‘ಊಟ ಆಯ್ತಾ’, ‘ಬಾರೇ’ ‘ಬಾರೋ’ ಬದಲು ‘ಬಾ ಪುಟ್ಟಾ’. ಮಾತು ಸಹಜವಾಗಿಯೇ ಇರುತ್ತದೆ, ಮನೆಯ ಅಜ್ಜಿಗೂ ಕಷ್ಟವಾಗುವುದಿಲ್ಲ.

ದೇಹದ ಸಂಕಟ ಮಾತಿಗಿಂತ ಮೊದಲು ಕಣ್ಣಿಗೆ ಬೀಳುತ್ತದೆ. ಏಪ್ರಿಲ್ ತಿಂಗಳ ಕಾರವಾರದ ಸೆಕೆಯಲ್ಲೂ ಜಾಕೆಟ್ ತೆಗೆಯದ ಮಗು, ಭುಜ ಬಾಗಿಸಿ ನಡೆಯುವ ಮಗು, ಸಮುದ್ರಕ್ಕೆ ಇಳಿಯುವುದನ್ನು ಬಿಟ್ಟ ಮಗು. ಇದನ್ನೆಲ್ಲ ಬರೀ ಹಟ ಎಂದುಕೊಳ್ಳಬೇಡಿ. ಎದೆ ಕಾಣಬಾರದೆಂದು ಕ್ರೇಪ್ ಬ್ಯಾಂಡೇಜ್ ಸುತ್ತಿಕೊಳ್ಳುವ ಮಕ್ಕಳಿದ್ದಾರೆ. ಅದು ಅಪಾಯ. ಉಸಿರು ಕಟ್ಟುತ್ತದೆ, ಪಕ್ಕೆಲುಬಿಗೆ ಪೆಟ್ಟಾಗುತ್ತದೆ, ನಮ್ಮ ಕರಾವಳಿಯ ಬೆವರಿಗೆ ಚರ್ಮ ಹುಣ್ಣಾಗುತ್ತದೆ. ಬಿಗಿಯಾದ ಸ್ಪೋರ್ಟ್ಸ್ ಬ್ರಾ, ಸಡಿಲ ಅಂಗಿ ಕೊಡಿಸಿ. ಮಲಗುವಾಗ ಬಿಗಿ ಬಟ್ಟೆ ಬೇಡವೇ ಬೇಡ. ಇನ್ನೊಂದು ವಿಷಯ ಹೇಳಲೇಬೇಕು. ಮುಟ್ಟಾದವರು ಹೊರಗೆ ಕೂರುವ ಪದ್ಧತಿ ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಇನ್ನೂ ಇದೆ. ತಾನು ಹುಡುಗಿ ಅಲ್ಲ ಎಂದುಕೊಂಡಿರುವ ಮಗುವಿಗೆ ಅದು ಪ್ರತಿ ತಿಂಗಳೂ ಇಡೀ ಮನೆಯೆದುರು ‘ನೀನು ಹುಡುಗಿಯೇ’ ಎಂದು ಸಾರಿದ ಹಾಗೆ. ಆ ಪದ್ಧತಿ ಬಿಡಲು ಬೇರೆ ಕಾರಣಗಳೂ ಬೇಕಷ್ಟಿವೆ. ಈ ಮಗುವಿಗಾಗಿಯಾದರೂ ಇವತ್ತೇ ಬಿಡಿ.

ನೆಂಟರ ವಿಷಯಕ್ಕೆ ಬಂದರೆ, ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಎಂಬುದು ಮಗುವಿನ ಹಕ್ಕು. ತಾಯಿ ತವರಿಗೆ ಫೋನು ಮಾಡಿ ಅತ್ತು ಹೇಳಿಕೊಂಡರೆ ವಾರದೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಹಿರಿಯರು ಕೆಲವೊಮ್ಮೆ ‘ಯಕ್ಷಗಾನದ ಸ್ತ್ರೀವೇಷದ ಹಾಗೆ’ ಎಂದು ಅರ್ಥ ಮಾಡಿಕೊಳ್ಳಲು ನೋಡುತ್ತಾರೆ. 1934ರಲ್ಲಿ ಹುಟ್ಟಿದ ಇಡಗುಂಜಿ ಮೇಳದ ಕಾಲದಿಂದಲೂ ಗಂಡಸರ ಸ್ತ್ರೀವೇಷವನ್ನು ರಾತ್ರಿಯಿಡೀ ನೋಡಿ ಮೆಚ್ಚಿದ ಜನ ನಾವು. ಆ ಮೆಚ್ಚುಗೆ ಒಳ್ಳೆಯ ಆರಂಭ. ಆದರೆ ವೇಷ ಬೆಳಗಾದ ಮೇಲೆ ಕಳಚುತ್ತದೆ, ಮಗು ಹೇಳುತ್ತಿರುವುದು ಬಣ್ಣ ತೆಗೆದ ಮೇಲಿನ ಮುಖದ ವಿಷಯ. 2011ರ ಜನಗಣತಿಯಲ್ಲಿ ಗಂಡು-ಹೆಣ್ಣು ಎರಡೂ ಅಲ್ಲದ ‘ಇತರೆ’ ಎಂದು ದಾಖಲಾದವರು ದೇಶದಲ್ಲಿ ಸುಮಾರು 4.88 ಲಕ್ಷ. ಅವರಲ್ಲಿ ಸುಮಾರು 55 ಸಾವಿರ ಜನ ಆರು ವರ್ಷದೊಳಗಿನ ಮಕ್ಕಳು. ಅಷ್ಟು ಚಿಕ್ಕ ಮಕ್ಕಳ ಪರವಾಗಿ ಉತ್ತರ ಕೊಟ್ಟವರು ಮನೆಯ ದೊಡ್ಡವರೇ.

ಕಾನೂನಿನಲ್ಲಿ 2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ತೀರ್ಪು ದೊಡ್ಡ ತಿರುವು. ತನ್ನ ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವುದು ವ್ಯಕ್ತಿಯ ಹಕ್ಕು ಎಂದು ಸುಪ್ರೀಂ ಕೋರ್ಟ್ ಅಂದು ಹೇಳಿತು. ಶಾಲೆಯಲ್ಲಿ ಶೌಚಾಲಯ, ಸಮವಸ್ತ್ರ, ಕೀಟಲೆಯ ತೊಂದರೆ ಬಂದರೆ ಮೊದಲು ಕ್ಲಾಸ್ ಟೀಚರ್ ಹತ್ತಿರ ಮಾತಾಡಿ. ಆಗದಿದ್ದರೆ ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಕ್ಕಳಿಗೆ ಉಚಿತ ನೆರವು ಸಿಗುತ್ತದೆ.

ಮಗುವನ್ನು ‘ಸರಿ ಮಾಡುತ್ತೇವೆ’ ಎನ್ನುವವರ ಹತ್ತಿರ ಮಾತ್ರ ಹೋಗಬೇಡಿ. ಅವರು ತಾಯಿತ ಕಟ್ಟುವವರಿರಲಿ, ಕೋಟು ಹಾಕಿದವರಿರಲಿ. ಮದ್ರಾಸ್ ಹೈಕೋರ್ಟಿನ 2021ರ ತೀರ್ಪಿನ ನಂತರ, 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇಂಥ ‘ಪರಿವರ್ತನಾ ಚಿಕಿತ್ಸೆ’ಯನ್ನು ವೈದ್ಯರ ವೃತ್ತಿ ದುರ್ನಡತೆ ಎಂದು ಘೋಷಿಸಿದೆ. ನಿದ್ದೆ ಇಲ್ಲ, ಊಟ ಬಿಟ್ಟಿದೆ, ಓದಲಾಗುತ್ತಿಲ್ಲ, ಕೈ ಕೊಯ್ದುಕೊಳ್ಳುತ್ತಿದೆ ಎಂದಾದರೆ ಮನೋವೈದ್ಯರು ಬೇಕೇ ಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್ ಯಾವ ದಿನ ಎಂದು ವಿಚಾರಿಸಿ, ದೊಡ್ಡ ಕಡೆಗೆ ಹೋಗಬೇಕಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಒಳಗೆ ಹೋದ ಮೇಲೆ ಡಾಕ್ಟರಿಗೆ ಮಗುವಿನ ಗುರುತನ್ನು ಬದಲಾಯಿಸಿ ಎಂದು ಕೇಳಬೇಡಿ, ಸಂಕಟ ಕಡಿಮೆ ಮಾಡಿ ಎಂದು ಕೇಳಿ. ಮಗುವಿನ ಜೊತೆ ಒಂಟಿಯಾಗಿ ಮಾತಾಡಲು ಅವರಿಗೆ ಸಮಯ ಬಿಡಿ. ತಮ್ಮದೇ ದುಃಖ, ಹೆದರಿಕೆ ಇರುವ ತಂದೆ-ತಾಯಿಗೆ ಅದನ್ನು ಮಗುವಿನ ಎದುರು ಇಳಿಸಲಾಗುವುದಿಲ್ಲ. ಇಂಥ ಮಕ್ಕಳ ಪೋಷಕರೇ 2017ರಲ್ಲಿ ಶುರು ಮಾಡಿದ ‘ಸ್ವೀಕಾರ್’ ಎಂಬ ಗುಂಪು ಮುಂಬಯಿಯಲ್ಲಿದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ನಂಬರು 14416. ಉಚಿತ, ದಿನವಿಡೀ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಮತ್ತು ಅದಕ್ಕೆ ಮಗುವೇ ಕರೆ ಮಾಡಬೇಕೆಂದಿಲ್ಲ, ಅಪ್ಪ-ಅಮ್ಮನೂ ಮಾಡಬಹುದು.